ನುಣ್ಣನೆಯ ಗಲ್ಲ

ಭೀಮಾ ನದಿಯ ಜೇವರ್ಗಿ ಕಡೆಯ ದಂಡೆಯಲ್ಲಿರುವ ಆ ಊರಿನ ಹೆಸರನ್ನು ನಾನು ಬರೆಯುವುದಿಲ್ಲ. ಈ ಕತೆಯ ಎರಡೂ ಮನೆತನಗಳ ಬಳಗದವರು ಅಲ್ಲಿ ಇನ್ನೂ ಇದ್ದಾರೆ. ನನಗೆ ಇದನ್ನು ಹೇಳಿದ್ದು ಹುಲೆಪ್ಪನ ಮಗಳು ಕಸ್ತೂರಿಬಾಯಿ. ಆಕೆಗೆ ಹೇಳಿದ್ದು ಅವಳ ತಾಯಿ ಮಲ್ಕಮ್ಮ. ಹುಲೆಪ್ಪ ಮಾತ್ರ ತಾನಾಗಿ ಯಾರ ಮುಂದೆಯೂ ಬಾಯಿ ಬಿಟ್ಟವನಲ್ಲ.

ಹುಲೆಪ್ಪನದು ಕೇರಿಯ ಮನೆ. ಚಪ್ಪಲಿ ಹೊಲಿಯುವುದು, ಬಾವಿಯಿಂದ ನೀರೆತ್ತುವ ತೊಗಲಿನ ಚೀಲ ಹೊಲಿಯುವುದು ಮನೆತನದ ಕೆಲಸ. ಊರ ಹಜಾಮ ಕೇರಿಗೆ ಕಾಲಿಡುತ್ತಿರಲಿಲ್ಲ. ಕೇರಿಯವರು ಅವನ ಮುಂದೆ ಹೋಗಿ ಕೂರುವಂತೆಯೂ ಇರಲಿಲ್ಲ. ಹೀಗಾಗಿ ಕೇರಿಯ ಗಂಡಸರು ತೊಗಲು ಕತ್ತರಿಸುವ ಕತ್ತರಿಯಿಂದಲೇ ಒಬ್ಬರ ಗಡ್ಡ ಒಬ್ಬರು ಕತ್ತರಿಸಿಕೊಳ್ಳುತ್ತಿದ್ದರು. ಕೊಯ್ದ ಹೊಲದ ಕೂಳೆಯ ಹಾಗೆ ಎಲ್ಲರ ಮುಖದ ಮೇಲೂ ಯಾವಾಗಲೂ ಒಂದಿಷ್ಟು ಗಡ್ಡ ಉಳಿದೇ ಇರುತ್ತಿತ್ತು. ಹುಲೆಪ್ಪನಿಗೆ ಇಪ್ಪತ್ನಾಲ್ಕು ವರ್ಷವಾದರೂ ಅವನ ಗಲ್ಲ ಹೇಗಿದೆಯೆಂದು ಯಾರೂ ನೋಡಿರಲಿಲ್ಲ. ಅವನೂ ನೋಡಿಕೊಂಡಿರಲಿಲ್ಲ.

ಅವನ ತಂದೆ ಭಗವಂತ ಮೊದಲ ಮಹಾಯುದ್ಧದಲ್ಲಿ ಹಮಾಲಿ ಕೆಲಸಕ್ಕೆಂದು ಇರಾಕಿನ ಬಸ್ರಾಕ್ಕೆ ಹೋಗಿ ಬಂದವನು. ಹಿತ್ತಾಳೆ ಗುಂಡಿಯ ಕೋಟು ತೊಟ್ಟು, ಗಡ್ಡ ಮೀಸೆ ಎರಡನ್ನೂ ನುಣ್ಣಗೆ ಬೋಳಿಸಿಕೊಂಡು ಊರಿಗೆ ಮರಳಿದ್ದ. ದಿನಾ ಬೆಳಿಗ್ಗೆ ತಾನೇ ಕ್ಷೌರ ಮಾಡಿಕೊಳ್ಳುತ್ತಿದ್ದನಂತೆ. ಬಂದು ವರ್ಷವಾಗಿರಲಿಲ್ಲ, ಗೌಡರ ಚೀಟಿ ತಗೊಂಡು ಗಾಣಗಾಪುರಕ್ಕೆ ಹೋದವನು ತಿರುಗಿ ಬರಲಿಲ್ಲ. ಸೋಲಾಪುರಕ್ಕೆ ಓಡಿಹೋದ ಎಂದರು ಗೌಡ ರೇವಣಪ್ಪ. ಆಗ ಹುಲೆಪ್ಪನಿಗೆ ನಾಲ್ಕು ವರ್ಷ. ತಾಯಿ ಮರೆಮ್ಮ ಹಣೆಯ ಕುಂಕುಮ ಅಳಿಸಲಿಲ್ಲ, ಕೈಬಳೆ ತೆಗೆಯಲಿಲ್ಲ. ಹೆಣ ನೋಡದೆ ಹೇಗೆ ತೆಗೆಯುವುದು? ಇಪ್ಪತ್ತು ವರ್ಷ ಹಾಗೆಯೇ ಕಳೆದವು.

೧೯೪೦ರ ಚಳಿಗಾಲದಲ್ಲಿ ಹುಲೆಪ್ಪ ಆಳಂದದ ಒಂದು ಹತ್ತಿ ಗಿರಣಿಗೆ ಕೆಲಸಕ್ಕೆ ಹೋದ. ಅಲ್ಲಿ ಪಕ್ಕದ ಖೋಲಿಯಲ್ಲಿದ್ದವರು ಗಿರಣಿಯ ಇಂಜಿನ್ ನೋಡಿಕೊಳ್ಳುವ ಚಾಂದಪಾಶಾ. ಒಂದು ದಿನ ಪೇಟೆಯ ಕ್ಷೌರದಂಗಡಿಯಲ್ಲಿ ಯಾವ ಕೇರಿಯವನೆಂದು ಕೇಳಿ ಎಬ್ಬಿಸಿ ಕಳಿಸಿದ್ದರಿಂದ ಹುಲೆಪ್ಪ ತಲೆ ತಗ್ಗಿಸಿಕೊಂಡು ಬಂದ. ಚಾಂದಪಾಶಾ ಅವನನ್ನು ಕರೆದು ತಮ್ಮ ಹಳೆಯ ಕ್ಷೌರದ ಕತ್ತಿಯನ್ನೇ ಕೈಗಿಟ್ಟರು.

"ಅರೆ ಭಾಯಿ, ಮಾರಿ ನಿಂದು. ಇನ್ನೊಬ್ಬನ ಕೈಯಾಗ ಯಾಕ ಕೊಡ್ತಿ? ನೀನ ಮಾಡ್ಕೋ."

ಮೊದಲ ದಿನ ಮೂರು ಕಡೆ ಕೊಯ್ದುಕೊಂಡ. ಗಂಟಲ ಹತ್ತಿರ ಕೆಂಪು ಗುಳ್ಳೆಗಳೆದ್ದವು. ಚಾಂದಪಾಶಾ ನಕ್ಕರು.

"ಒಣ ಕಟ್ಟಿಗಿ ಕಡಿದಂಗ ಕಡೀತಿಯಲ್ಲೋ! ಮೊದಲ ಬಿಸಿ ನೀರಾಗ ಅರಿವಿ ಅದ್ದಿ ಮಾರಿ ಮ್ಯಾಲ ಇಟ್ಕೋ. ಕೂದಲ ಮೆತ್ತಗ ಆಗ್ಲಿ. ಸಾಬೂನ ತಿಕ್ಕಿದ ಮ್ಯಾಲೂ ಜರಾ ಕೂಡು, ಅವಸರ ಬ್ಯಾಡ. ಒಂದು ಕೈಲೆ ತೊಗಲ ಎಳದ ಹಿಡಿ, ಕತ್ತಿ ಮಲಗಿಸಿ ಹಿಡಿ. ಕೂದಲ ಯಾವ ಕಡಿ ಬೆಳದಾದ, ಆ ಕಡೀನ ಎಳಿ. ಒತ್ತಬ್ಯಾಡ. ಕತ್ತಿ ತನ್ನ ಭಾರದಲೆ ಹೋಗಬೇಕು."

"ಅಲ್ಲಲ್ಲಿ ಉಳೀತದಲ್ರಿ?"

"ಉಳದ್ರ ಮತ್ತೊಮ್ಮಿ ಸಾಬೂನ ಹಚ್ಚು. ಒಣ ಮಾರಿ ಮ್ಯಾಲ ಕತ್ತಿ ಆಡಿಸೀ ಅಂದ್ರ ಗುಳ್ಳಿ ಏಳ್ತಾವ. ಆಮ್ಯಾಲ ತಣ್ಣೀರು, ಅದರ ಮ್ಯಾಲ ಪಟಿಕದ ಹರಳು. ತೊಗಲಿನ ಪಟ್ಟಿ ಮ್ಯಾಲ ಕತ್ತಿ ಮಸಿಯೋದು ನಿನಗ ನಾ ಏನ ಹೇಳ್ಲಿ, ತೊಗಲಿನ ಕೆಲಸದಾವ ನೀನು."

ಎರಡು ತಿಂಗಳಲ್ಲಿ ಕೈ ಕುದುರಿತು. ಚಾಂದಪಾಶಾರ ಕನ್ನಡಿ ಅಂಗೈಯಷ್ಟು ಚಿಕ್ಕದು. ಒಂದು ಸಲಕ್ಕೆ ಒಂದು ಗಲ್ಲವೋ, ತುಟಿಯೋ, ಗದ್ದವೋ ಕಾಣುತ್ತಿತ್ತು. ಇಡೀ ಮುಖವನ್ನು ಅವನು ಒಟ್ಟಿಗೆ ನೋಡಲೇ ಇಲ್ಲ.

ಗಿರಣಿಯ ಕೆಲಸ ಮುಗಿದ ಮೇಲೆ, ಬಿಸಿಲು ಕಾಯ್ದ ಒಂದು ಮಧ್ಯಾಹ್ನ ಹುಲೆಪ್ಪ ಊರಿಗೆ ಬಂದ. ಬೆಳಿಗ್ಗೆಯಷ್ಟೇ ಗಡ್ಡ ಮೀಸೆ ಬೋಳಿಸಿಕೊಂಡಿದ್ದ. ಮರೆಮ್ಮ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತಿ ನೋಡಿದಳು. ಕೈಯಲ್ಲಿದ್ದ ಮೊರ ಜಾರಿ ಜೋಳವೆಲ್ಲ ಚೆಲ್ಲಿತು. ಎದ್ದು ನಿಂತು ತಲೆಯ ಮೇಲೆ ಸೆರಗು ಎಳೆದುಕೊಂಡಳು. ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದು, ಮುಖ ನೋಡದೆ, ಅವನ ಕಾಲ ಹತ್ತಿರ ಇಟ್ಟಳು.

"ಇಷ್ಟ ತಡ ಯಾಕ ಮಾಡಿದ್ರಿ?" ಎಂದಳು.

ಬಾಗಿಲಲ್ಲಿ ನಿಂತಿದ್ದ ಮಲ್ಕಮ್ಮ ಗಂಡನ ಮುಖವನ್ನೂ ಅತ್ತೆಯನ್ನೂ ನೋಡಿದಳು. ಅತ್ತೆ ಮಗನಿಗೆ 'ರಿ' ಹಚ್ಚಿ ಮಾತಾಡಿದ್ದನ್ನು ಅವಳು ಎಂದೂ ಕೇಳಿರಲಿಲ್ಲ.

"ಯವ್ವಾ, ನಾನು ಹುಲೆಪ್ಪ," ಎಂದ ಅವನು.

ಮರೆಮ್ಮ ಹೌದೆಂಬಂತೆ ತಲೆಯಾಡಿಸಿದಳು. ಆದರೆ ಊಟಕ್ಕೆ ಬಡಿಸುವಾಗ ಅವನಿಗೆ ಬೆನ್ನು ಕೊಟ್ಟು ಕೂತಳು. ಅವನು ಉಂಡೆದ್ದ ತಟ್ಟೆಯಲ್ಲಿಯೇ ತಾನು ಉಂಡಳು.

ಮರುದಿನ ಹುಲೆಪ್ಪ ನದಿಗೆ ಇಳಿದ. ಅಂಬಿಗ ಮಲ್ಕಪ್ಪ, ಅರವತ್ತು ದಾಟಿದವನು, ಹರಿಗೋಲಿಗೆ ತೊಗಲಿನ ತೇಪೆ ಹಾಕುತ್ತಿದ್ದ. ಬಾಗಿದ್ದವನು ನೆಟ್ಟಗಾಗಿ ನೋಡಿದ. ಸೂಜಿ ಕೈಯಿಂದ ಬಿತ್ತು.

"ನಾ ಒಯ್ಯಾಂಗಿಲ್ಲ ಅಂದಿನಿ. ನನ್ನ ಪಾಲು ಏನೂ ಇಲ್ಲ," ಎಂದ. ಹರಿಗೋಲನ್ನು ಅಲ್ಲಿಯೇ ಬಿಟ್ಟು ಗುಡಿಸಲ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಹುಲೆಪ್ಪ ಎಷ್ಟು ಕರೆದರೂ ತೆಗೆಯಲಿಲ್ಲ.

ನದಿಯಿಂದ ಮರಳುವ ದಾರಿ ಗೌಡರ ಕಟ್ಟೆಯ ಮುಂದಿನಿಂದಲೇ ಹಾದುಹೋಗುತ್ತಿತ್ತು. ರೇವಣಪ್ಪ ಗೌಡರಿಗೆ ಆಗ ಎಪ್ಪತ್ತರ ವಯಸ್ಸು. ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತ ಕೂತಿದ್ದರು. ಹುಲೆಪ್ಪ ರೂಢಿಯಂತೆ ಚಪ್ಪಲಿ ಕೈಯಲ್ಲಿ ಹಿಡಿದು, ಶರಣು ಮಾಡಿ ಮುಂದೆ ಹೋದ. ತಿರುಗಿ ನೋಡಿದಾಗ ಗೌಡರು ಎದ್ದು ನಿಂತಿದ್ದರು. ಎಲೆಯ ಕೆಂಪು ರಸ ಗದ್ದದಿಂದ ಅಂಗಿಯ ಮೇಲೆ ಇಳಿಯುತ್ತಿತ್ತು, ಒರೆಸಿಕೊಳ್ಳುವುದೂ ಅವರಿಗೆ ನೆನಪಿರಲಿಲ್ಲ.

ನಾಲ್ಕನೆಯ ದಿನ ಗೌಡರ ಮಗ ಅಮೋಘಸಿದ್ದ ಕೇರಿಯ ಅಂಚಿಗೆ ಬಂದು ನಿಂತು ಹುಲೆಪ್ಪನನ್ನು ಕರೆಸಿದ.

"ಲೇ ಹುಲೆಪ್ಪ, ಗಡ್ಡ ಬಿಡಲೇ. ನಮ್ಮಪ್ಪ ಉಣವಲ್ಲ, ಮಲಕೋವಲ್ಲ. ಕಟ್ಟಿ ಬಿಟ್ಟು ಒಳಗ ಕುಂತಾನ. ಆ ನುಣ್ಣನ ಗಲ್ಲದಾವ ದಾರಿ ಹಿಡದ ಬರ್ತಾನ ಅಂತಾನ. ಬೇಕಂದ್ರ ಮನಿಗಿ ಜ್ವಾಳ ಕಳಿಸ್ತೇನಿ."

"ನನ್ನ ಗಡ್ಡಕ್ಕೂ ಗೌಡ್ರ ಊಟಕ್ಕೂ ಏನ್ರಿ ಸಂಬಂಧ?"

ಅಮೋಘಸಿದ್ದನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಹುಲೆಪ್ಪ ಒಂದೊಂದನ್ನೇ ಕೂಡಿಸಿ ನೋಡಿದ. ಅಂಬಿಗನ ಮಾತು, ಗೌಡರ ಅಂಜಿಕೆ, ತಾಯಿ ತಂದಿಟ್ಟ ತಂಬಿಗೆ ನೀರು, ಎಲ್ಲವೂ ತಂದೆಯ ಕಡೆಗೇ ಕೈ ತೋರಿಸುತ್ತಿದ್ದವು.

"ಗಡ್ಡ ಬಿಡೂದಿಲ್ರಿ," ಎಂದು ಹೇಳಿ ಮನೆಗೆ ಬಂದ.

ಅಂದಿನಿಂದ ಅವನು ಒಂದು ದಿನವೂ ತಪ್ಪಿಸಲಿಲ್ಲ. ಒಂದು ದಿನದ ಗಡ್ಡ ಉಳಿದರೂ ಅವನು ಹುಲೆಪ್ಪನೇ, ನುಣ್ಣಗಾದರೆ ಭಗವಂತ. ಅದಕ್ಕೆಂದೇ ನೀರನ್ನು ಇನ್ನೂ ಬಿಸಿ ಮಾಡಿದ, ಸಾಬೂನು ಹಚ್ಚಿ ಇನ್ನೂ ಹೆಚ್ಚು ಹೊತ್ತು ಕೂತ. ಬೆರಳಾಡಿಸಿ ಎಲ್ಲಿಯೂ ಒರಟು ಸಿಗದಂತೆ ಎರಡೆರಡು ಸಲ ಕತ್ತಿ ಎಳೆದ. ಆಮೇಲೆ ನದಿಯ ದಾರಿ ಹಿಡಿದು ನಡೆದ. ಗೌಡರ ಕಟ್ಟೆ ಬರಿದಾಗಿರುತ್ತಿತ್ತು. ಆದರೆ ಒಳಗಿನ ಕಿಟಕಿಯ ಸರಳಿನ ಹಿಂದೆ ಎರಡು ಕೈಗಳು ಕಾಣುತ್ತಿದ್ದವು.

ಮನೆಯಲ್ಲಿ ಮಲ್ಕಮ್ಮ ಅವನ ಹತ್ತಿರ ಬರಲು ಅಂಜತೊಡಗಿದಳು.

"ನೀವು ಬ್ಯಾರೆ ಯಾರೋ ಆಗಾಕತ್ತೀರಿ. ನನ್ನ ಗಂಡನ್ನ ನನಗ ಕೊಡ್ರಿ," ಎಂದು ಒಂದು ದಿನ ಅತ್ತಳು. ಹುಲೆಪ್ಪ ಕತ್ತಿ ಮಸೆಯುತ್ತಲೇ ಇದ್ದ.

ಹತ್ತನೆಯ ಬೆಳಿಗ್ಗೆ ಅಂಗಳದಲ್ಲಿ ಕೂತು ಕ್ಷೌರ ಮಾಡಿಕೊಳ್ಳುತ್ತಿದ್ದಾಗ ಅವನ ಕೈ ಕತ್ತಿಯನ್ನು ಎಡಗೈಗೆ ದಾಟಿಸಿತು. ಗದ್ದದ ಅಡಿಯಿಂದ ಕಿವಿಯ ತನಕ ಒಂದೇ ಎಳೆತ, ಒಂದು ಹನಿ ರಕ್ತವಿಲ್ಲ. ಹಾಗೆ ಚಾಂದಪಾಶಾ ಕಲಿಸಿರಲಿಲ್ಲ. ಅವನು ಎಂದೂ ಎಡಗೈಯಲ್ಲಿ ಕತ್ತಿ ಹಿಡಿದವನಲ್ಲ. ಬೆನ್ನ ಹಿಂದಿನಿಂದ ಮರೆಮ್ಮನ ದನಿ ಬಂತು:

"ಹಾಂ. ಹಿಂಗ ಮಾಡ್ಕೋತಿದ್ರಿ ನೀವು."

ಹುಲೆಪ್ಪ ಕತ್ತಿ ಕೆಳಗಿಟ್ಟ.

ಅದರ ಮರುದಿನ ಮಧ್ಯಾಹ್ನ, ನಾಯಿಗಳು ಕೂಡ ನೆರಳು ಬಿಟ್ಟು ಏಳದ ಹೊತ್ತಿನಲ್ಲಿ, ರೇವಣಪ್ಪ ಗೌಡರು ಕೇರಿಗೆ ಬಂದರು. ಎಪ್ಪತ್ತು ವರ್ಷದಲ್ಲಿ ಅವರು ಕೇರಿಯ ಮಣ್ಣು ತುಳಿದವರಲ್ಲ. ಬರಿಗಾಲು, ತಲೆಗೆ ರುಮಾಲು ಇಲ್ಲ, ಮುಖದ ತುಂಬ ಬಿಳಿಯ ಗಡ್ಡ. ಹುಲೆಪ್ಪನ ಅಂಗಳದ ನಡುವೆ ನಿಂತು ಕೈ ಮುಗಿದರು.

"ಭಗವಂತಾ, ಇನ್ನ ಎಷ್ಟ ದಿನ ಬರ್ತೀಯೋ?"

ನಾನು ಅವನಲ್ಲ ಎನ್ನಲು ಹುಲೆಪ್ಪ ಬಾಯಿ ತೆರೆದ. ಅಷ್ಟರಲ್ಲಿ ಮರೆಮ್ಮನ ಕೈ ಅವನ ಹೆಗಲ ಮೇಲೆ ಬಿತ್ತು. ಆ ಕೈ ಕಲ್ಲಿನಷ್ಟು ಭಾರವಾಗಿತ್ತು. ಅವನು ಒಂದೇ ಮಾತು ಕೇಳಿದ.

"ನನ್ನ ಎಲ್ಲಿ ಇಟ್ರಿ?"

ಗೌಡರು ಮಗುವಿನ ಹಾಗೆ ಹೇಳುತ್ತ ಹೋದರು. "ಕೋಟ ಹಾಕ್ಕೊಂಡು, ಗಲ್ಲ ನುಣ್ಣಗ ಮಾಡ್ಕೊಂಡು ನನ್ನ ಎದುರಿಗಿ ನಿಂತಿ. ನನ್ನ ಗಲ್ಲಕ್ಕಿಂತ ನಿನ್ನ ಗಲ್ಲ ಛಲೋ ಕಾಣಾಕತ್ತಿತ್ತು. ಮಂದಿ ನಕ್ಕರು. ನಾನ ಚೀಟಿ ಕೊಟ್ಟು ನದಿಗಿ ಕಳಿಸಿದ್ನಿ. ಆಳು ಬಿಟ್ಟು ಬಡೀರಿ ಅಂದಿನಿ. ಕೊಲ್ರಿ ಅಂದಿದ್ದಿಲ್ಲೋ ಭಗವಂತಾ, ಬಡೀರಿ ಅಂದಿದ್ನಿ. ಹೆಣ ನೀರಿಗಿ ಹಾಕು ಅಂದ್ರ ಮಲ್ಕಪ್ಪ ಹರಿಗೋಲ ಕೊಡ್ಲಿಲ್ಲ. ಹಳೇ ಸುಣ್ಣದ ಭಟ್ಟಿಯಾಗ ಇಟ್ಟು ಮಣ್ಣ ಎಳದ್ರು."

ಹೇಳಿ ಮುಗಿಸಿ, ಭಾರ ಇಳಿಸಿದವರಂತೆ ಬಂದ ದಾರಿಯಲ್ಲೇ ತಿರುಗಿ ಹೋದರು.

ಕೇರಿಯ ಗಂಡಸರು ಗುದ್ದಲಿ ಹಿಡಿದು ನದಿಯ ದಂಡೆಗೆ ಹೋದರು. ಯಾರೂ ಕರೆಯದಿದ್ದರೂ ಮಲ್ಕಪ್ಪ ಬಂದು, ಕುಸಿದುಬಿದ್ದ ಭಟ್ಟಿಯ ಒಂದು ಮೂಲೆಯನ್ನು ಕಾಲಿನಿಂದ ತೋರಿಸಿ ದೂರ ಸರಿದು ನಿಂತ. ಮೊಳಕಾಲ ಆಳದಲ್ಲಿ ಎಲುಬು ಸಿಕ್ಕವು. ಅವುಗಳ ನಡುವೆ ಹಸಿರುಗಟ್ಟಿದ ಐದು ಹಿತ್ತಾಳೆ ಗುಂಡಿ.

ಮರೆಮ್ಮ ಗುಂಡಿಗಳನ್ನು ಸೆರಗಿನಿಂದ ಒರೆಸಿ ನೋಡಿದಳು. ಅಳಲಿಲ್ಲ. ಒಂದೊಂದಾಗಿ ಬಳೆ ತೆಗೆದು ಮಣ್ಣಿನ ಮೇಲೆ ಇಟ್ಟಳು. ಅಂಗೈಯಿಂದ ಹಣೆ ಒರೆಸಿಕೊಂಡಳು. ಆಮೇಲೆ ತಿರುಗಿ, ಬೆವರಿನಲ್ಲಿ ತೊಯ್ದು ನಿಂತಿದ್ದ ಮಗನನ್ನು ನೇರವಾಗಿ ನೋಡಿದಳು. ಎಷ್ಟೋ ದಿನಗಳ ಮೇಲೆ ಸೆರಗು ಮುಂದೆ ಎಳೆಯದೆ ನೋಡಿದಳು.

"ಹುಲೆಪ್ಪಾ, ನೀರ ಕುಡದಿ ಏನೋ?"

ಎಲುಬುಗಳನ್ನು ಕೇರಿಯ ಜಾಗದಲ್ಲಿ ಮಣ್ಣು ಮಾಡಿದರು. ಅವರು ಯಾವ ಕಚೇರಿಗೂ ಹೋಗಲಿಲ್ಲ. ಹೋದರೆ ಕೇಳುವವರಿದ್ದಾರೆಂದು ಆಗ ಅವರಿಗೆ ಅನ್ನಿಸಿರಲಿಕ್ಕಿಲ್ಲ. ರೇವಣಪ್ಪ ಗೌಡರು ಇನ್ನೂ ಏಳು ತಿಂಗಳು ಬದುಕಿದ್ದರು. ಕತ್ತಿ ಕಂಡರೆ ಚೀರುತ್ತಿದ್ದರಂತೆ. ಊರ ಹಜಾಮ ಅವರ ಬಾಗಿಲಿನಿಂದಲೇ ಮರಳಿ ಹೋಗುತ್ತಿದ್ದ. ಸತ್ತಾಗ ಗಡ್ಡ ಎದೆಯ ತನಕ ಬೆಳೆದಿತ್ತು. ಸುದ್ದಿ ಕೇಳಿದ ಹುಲೆಪ್ಪನಿಗೆ ಸಮಾಧಾನವೂ ಆಗಲಿಲ್ಲ, ಸಂತೋಷವೂ ಆಗಲಿಲ್ಲ. ಅವತ್ತು ಅವನು ಉಣ್ಣದೆ ಎದ್ದ, ಅಷ್ಟೇ.

ಭಟ್ಟಿ ಅಗೆದ ಮೇಲೆ ಒಂದು ತಿಂಗಳು ಅವನು ಕತ್ತಿ ಮುಟ್ಟಿರಲಿಲ್ಲ. ತನ್ನ ಮುಖ ತನ್ನದೋ ಅಲ್ಲವೋ ಎಂದು ಅವನಿಗೇ ಅನುಮಾನ. ಕೊನೆಗೆ ಮಲ್ಕಮ್ಮ ತಾನೇ ನೀರು ಕಾಯಿಸಿ ತಂದು ಮುಂದಿಟ್ಟಳು.

"ಅಂಜಬ್ಯಾಡ್ರಿ. ನಾ ಇಲ್ಲೇ ಕುಂಡ್ರತೇನಿ. ಮೀಸಿ ಬಿಡ್ರಿ, ಉಳದದ್ದು ತಗೀರಿ."

ಅವನು ಕನ್ನಡಿ ಬಿಟ್ಟು ಅವಳನ್ನೇ ನೋಡುತ್ತ ಕ್ಷೌರ ಮಾಡಿಕೊಂಡ. ಎಲ್ಲಿ ಉಳಿದಿದೆಯೋ ಅವಳು ಬೆರಳಿಟ್ಟು ತೋರಿಸಿದಳು. ಮುಗಿದಾಗ ಅವಳು ಹೆದರಲಿಲ್ಲ, ಹತ್ತಿರವೇ ಕೂತಿದ್ದಳು.

ಎರಡು ವರ್ಷದ ಮೇಲೆ ಅವರು ಜೇವರ್ಗಿಗೆ ಬಂದು ನೆಲೆಸಿದರು. ಹುಲೆಪ್ಪ ಹತ್ತಿಯ ಅಡತಿ ಅಂಗಡಿಯಲ್ಲಿ ಮೂಟೆ ಹೊತ್ತ. ಕಸ್ತೂರಿಬಾಯಿ ಹುಟ್ಟಿದ್ದು ಅಲ್ಲಿಯೇ. ಕೆಲಸವಿಲ್ಲದ ದಿನ ಅಲ್ಲಿಯ ಕೇರಿಯ ಗಂಡಸರು ಕ್ಷೌರ ಮಾಡಿಕೊಳ್ಳಲು ಅವನ ಅಂಗಳದಲ್ಲಿ ಬಂದು ಕೂರುತ್ತಿದ್ದರು. ಒಮ್ಮೆ ನೆರೆಮನೆಯ ಮಾಣಿಕಮ್ಮನ ತಮ್ಮ ಅಣ್ಣಾರಾಯ ಹೆಣ್ಣು ನೋಡಲು ಹೊರಟಿದ್ದವನು, ಬೋಳಿಸಿ ಕಳಿಸಿರೆಂದು ಮುಖ ಮುಂದೆ ಚಾಚಿ ಕೂತ.

"ನಾ ಯಾರ ಮಾರಿಗೂ ಕತ್ತಿ ಹಚ್ಚೂದಿಲ್ಲ," ಎಂದ ಹುಲೆಪ್ಪ. ಬಿಸಿ ಅರಿವೆಯನ್ನು ಅವನ ಗಲ್ಲಕ್ಕೆ ಒತ್ತಿ, ಕತ್ತಿಯನ್ನು ಅವನ ಕೈಗೇ ಕೊಟ್ಟ. "ನೀನ ಮಾಡ್ಕೋ. ತಡಾ ಆದ್ರ ಆಗ್ಲಿ, ನಾ ಕುಂತೇನಿ."

ಅಣ್ಣಾರಾಯ ಎರಡು ಕಡೆ ಕೊಯ್ದುಕೊಂಡ. ಹುಲೆಪ್ಪ ಪಟಿಕದ ಹರಳು ಒದ್ದೆ ಮಾಡಿ ಅವನ ಕೈಗಿಟ್ಟು, ಇನ್ನೊಂದು ತಂಬಿಗೆ ನೀರು ಕಾಯಿಸಲು ಒಳಗೆ ಹೋದ.