ದ್ರಾಕ್ಷಿಯ ಮಣ್ಣಿನಲ್ಲಿ ಗಡ್ಡೆ ಹೂ: ಡಾ. ದಾವಲಮಲಿಕ ಅವರ ಸೇವೆ

ಗಡ್ಡೆಯಿಂದ ಬರುವ ಅಲಂಕಾರಿಕ ಹೂಗಳಿಗೆ ಸಸ್ಯವರ್ಧಕಗಳನ್ನು ಯಾವಾಗ, ಎಷ್ಟು ಕೊಡಬೇಕೆಂಬುದನ್ನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹೊಲಗಳಲ್ಲೇ ಪರೀಕ್ಷಿಸಿದ ತೋಟಗಾರಿಕೆ ವಿಜ್ಞಾನಿಗಳಲ್ಲಿ ಡಾ. ದಾವಲಮಲಿಕ ಅವರು ಮೊದಲ ಸಾಲಿನವರು. ಅವರ ಸಹಾಯಕಿಯಾಗಿದ್ದ ನಾನು, ಹೊಗಳಿಕೆ ಮಿತಿಮೀರೀತೆಂಬ ಅಳುಕಿನಿಂದ, ಕಣ್ಣಾರೆ ಕಂಡದ್ದನ್ನಷ್ಟೇ ಬರೆಯುತ್ತೇನೆ.

ಸೇವೆಯ ಮೊದಲ ವರ್ಷಗಳನ್ನು ಅವರು ಚಡಚಣದ ದ್ರಾಕ್ಷಿ ತೋಟಗಳಲ್ಲಿ ಕಳೆದರು. ಕಾಯಿ ಉದ್ದವಾಗಲೆಂದು ಗೊಂಚಲನ್ನು ಜಿಎ (ಜಿಬ್ಬರೆಲಿಕ್ ಆಮ್ಲ) ಎಂಬ ಸಸ್ಯವರ್ಧಕದ ದ್ರಾವಣದಲ್ಲಿ ಅದ್ದುವುದು ಅಲ್ಲಿ ವಾಡಿಕೆ. ಅದೇ ಜಿಎ ದ್ರಾವಣದಲ್ಲಿ ನೆನೆಸಿದರೆ ಗ್ಲಾಡಿಯೋಲಸ್ ಗಡ್ಡೆಯ ನಿದ್ದೆ ಮುರಿದು ಬೇಗ ಮೊಳೆಯುತ್ತದೆಂದು ಅವರು ನಂತರ ನಮ್ಮ ರೈತರಿಗೆ ತೋರಿಸಿಕೊಟ್ಟರು.

ಅಗರಖೇಡದ ಕೋಮಲ ಅವರು ಮಾವ ಶಂಕ್ರೆಪ್ಪನವರನ್ನು ಬಹಳ ಕಾಲ ಕೇಳಿಕೊಂಡು, ಹಳೆಯ ದ್ರಾಕ್ಷಿ ಕಿತ್ತ ಜಾಗದಲ್ಲಿ ಈ ಹೂ ಹಾಕಿದ್ದರು. ಇದು ಕೆಟ್ಟರೆ ಮತ್ತೆ ದ್ರಾಕ್ಷಿಯೇ ಎಂಬುದು ಮಾವನವರ ಕರಾರು. ಮೊಳಕೆ ಚೆನ್ನಾಗಿಯೇ ಬಂತು. ಆದರೆ ಹೂದಂಟು ಬರುವ ಹೊತ್ತಿಗೆ ಗಿಡಗಳೆಲ್ಲ ಸಣಕಲಾಗಿ ಎತ್ತರ ಬೆಳೆದು ಒರಗತೊಡಗಿದವು. ನಾವು ಹೋದಾಗ ಕೋಮಲ ಬದುವಿನಲ್ಲೇ ನಿಂತಿದ್ದರು.

"ಸಾಹೇಬ್ರ, ಹೂವು ಎಲ್ಲಿ ನೋಡೂದ್ರಿ, ಮುಗಿಲಾಗೇನು?"

ಶಂಕ್ರೆಪ್ಪನವರು ತಲೆ ಎತ್ತಲಿಲ್ಲ. "ದ್ರಾಕ್ಷಿಗಿ ಜಿಎ ಎರಡು ಸಲ ಕೊಡ್ತೇವಲ್ರಿ. ಸೊಸಿ ಬೆಳಿ ಭೇಷ್ ಬರ್ಲಿ ಅಂತ ಮತ್ತೊಮ್ಮೆ ನಾನೇ ಹೊಡದೆ," ಎಂದರು. ನಾಳೆಯೇ ಗಿಡ ಕಿತ್ತು ಹೊಲ ಹರಗಿಬಿಡುತ್ತೇನೆಂದೂ ಹೇಳಿದರು.

"ತಪ್ಪು ನಂದೈತ್ರಿ, ಯಜಮಾನ್ರ. ನಾನು ಬಿಡಿಸಿ ಹೇಳಬೇಕಾಗಿತ್ತು. ನೆಲದಾಗ ಹೊಸ ಗಡ್ಡಿ ಕಟ್ಟಾಕತ್ತಾವು. ಅವು ಬಲಿಯೂತನಕ ಹರಗಬ್ಯಾಡ್ರಿ," ಎಂದರು ಡಾಕ್ಟರರು.

ಸೊಸೆಯ ಮುಂದೆ ಆ ಹಿರಿಯರ ಮರ್ಯಾದೆ ಉಳಿಯಿತು. ಮಾತು ಬೆಳೆಸದೆ ಡಾಕ್ಟರರು ಬುಡಕ್ಕೆ ಮಣ್ಣು ಏರಿಸಿದರು, ಕಡ್ಡಿ ನೆಟ್ಟು ಸುತಳಿ ಕಟ್ಟುವುದನ್ನು ತಾವೇ ಮಾಡಿ ತೋರಿಸಿದರು.

ಜಿಎ ಒಮ್ಮೆ ಮಾತ್ರ ಎಂದು ಡಾಕ್ಟರರು ಮೊದಲೇ ಹೇಳಿದ್ದನ್ನು ನಾನೇ ಕೇಳಿದ್ದೆ. ಮರಳುವಾಗ, ಜೀಪಿನಲ್ಲಿ, ಹಾಗೆಂದೆ. "ಒಮ್ಮೆ ಅಂದಿದ್ದೆ, ಖರೆ. ಯಾಕ ಒಮ್ಮೆ ಅಂತ ದ್ರಾಕ್ಷಿಯವ್ರಿಗೆ ಹೇಳಲಿಲ್ಲ ನೋಡವ್ವ. ಕಾಯಿ ಉದ್ದ ಮಾಡೂ ಜಿಎ ಹೆಚ್ಚಾದ್ರ ಗಿಡಾನೂ ಸಣಕಲ ಉದ್ದ ಮಾಡತೈತಿ," ಎಂದರು. ಅಲ್ಲಿಂದೀಚೆಗೆ ದೇವಣಗಾಂವದಲ್ಲಾಗಲಿ ಮುದ್ದೇಬಿಹಾಳದಲ್ಲಾಗಲಿ ಅವರ ತರಬೇತಿಗಳು ಆ 'ಯಾಕೆ'ಯಿಂದಲೇ ಶುರುವಾಗುತ್ತಿದ್ದವು.

ಆ ಸಲ ಹೂವು ಮಾರಾಟಕ್ಕೆ ಬಂದದ್ದು ಕಡಿಮೆ. ಗಡ್ಡೆಗಳು ಮಾತ್ರ ಗಟ್ಟಿಯಾಗಿ ಬಲಿತಿದ್ದವು. ಅವನ್ನು ಹೆಕ್ಕಿ ಆರಹಾಕಿದವರು ಶಂಕ್ರೆಪ್ಪನವರು. ಮುಂದಿನ ಹಂಗಾಮಿಗೆ ಪಕ್ಕದ ದ್ರಾಕ್ಷಿ ಸಾಲನ್ನೂ ಕಿತ್ತು ಸೊಸೆಗೆ ಬಿಟ್ಟುಕೊಟ್ಟರು.

ನಮ್ಮ ಗುರುಗಳಿಗೆ ಆಯುಷ್ಯ, ಆರೋಗ್ಯಗಳು ಕೂಡಿಬರಲಿ. ಸುಗಂಧರಾಜದ ಪ್ರಯೋಗ ಇನ್ನೂ ಅರ್ಧದಲ್ಲಿದೆ. ಅದಕ್ಕೆ ಜಾಗ ಕೊಡುತ್ತೇವೆಂದು ಅಗರಖೇಡದಿಂದ ಕರೆ ಬಂದಿದೆ. ಜಮೀನಿನ ಬಗ್ಗೆ ಈ ಸಲ ಮಾತು ಕೊಟ್ಟವರು ಮಾವನವರಲ್ಲ, ಕೋಮಲ.