ಹಾಡು ಮುಗಿಯದೆ ತಾಂಬೂಲವಿಲ್ಲ

ಫ್ರೆಂಡ್ಸ್, ಮದುವೆಯಾಗಿ ಇಪ್ಪತ್ತೇ ದಿನ. ಇವತ್ತು ಲಿಂಗರಾಜಪುರದ ಅತ್ತೆಮನೆಯಲ್ಲಿ ಐದು ಜನ ಹೆಂಗಸರನ್ನು ಎದ್ದು ಹೋಗದಂತೆ ಕೂರಿಸಿದೆ.

ಅರಿಶಿನ ಕುಂಕುಮಕ್ಕೆ ಬಂದವರು, "ಹೊಸ ಸೊಸೆ ಒಂದು ಹಾಡು ಹೇಳಲಿ" ಅಂದರು. ನನಗೆ ದೇವರನಾಮ ಬರುವುದಿಲ್ಲ. ಆದರೆ ನಾನೂ ನನ್ನ ಗಂಡನೂ ಕಂಪ್ಯೂಟರಿನಲ್ಲೇ ಮಾಡಿದ ಎಲೆಕ್ಟ್ರಾನಿಕ್ ಹಾಡೊಂದಿದೆ. ಅದನ್ನು ನೆನೆದರೇ ಕುಣಿಯಬೇಕು ಅನ್ನಿಸುತ್ತದೆ ನನಗೆ. ಖುಷಿಯಿಂದ ಲ್ಯಾಪ್‌ಟಾಪ್ ತಂದು ಹಾಕಿದೆ.

ಅತ್ತೆಯ ಅಕ್ಕ ಒಂದು ನಿಮಿಷ ಕೇಳಿದರು. "ಇದ್ರಲ್ಲಿ ಮಾತೇ ಇಲ್ವಲ್ಲಮ್ಮ. ಹಾಡಕ್ಕೆ ಬರಲ್ಲ ಅಂದ್ಬಿಡು, ಮಿಷಿನ್ ಕೈಲಿ ಯಾಕೆ ಗೊರಗೊರ ಅನ್ನಿಸ್ತೀಯ? ನಿಲ್ಸು. ತಾಂಬೂಲ ಕೊಡು, ಹೊರಡ್ತೀವಿ."

ಅತ್ತೆ ನನ್ನತ್ತ ಕಣ್ಣು ಬಿಟ್ಟರು. ಇವತ್ತು ನಿಲ್ಲಿಸಿದರೆ ಈ ಮನೆಯಲ್ಲಿ ಇನ್ನೆಂದೂ ಇದನ್ನು ಜೋರಾಗಿ ಹಾಕುವ ಹಾಗಿಲ್ಲ ಅಂತ ಗೊತ್ತಾಯಿತು. ತಾಂಬೂಲದ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟೆ.

"ಇದೇ ನನ್ನ ಹಾಡು ದೊಡ್ಡಮ್ಮ. ಮುಗಿದ ಮೇಲೆ ಕೊಡ್ತೀನಿ."

"ಇನ್ನೂ ಎಷ್ಟಿದೆ?"

"ಆರು ನಿಮಿಷ."

ಶುಕ್ರವಾರ ಕುಂಕುಮಕ್ಕೆ ಬಂದ ಮುತ್ತೈದೆಯರು ತಾಂಬೂಲ ತೆಗೆದುಕೊಳ್ಳದೆ ಎದ್ದು ಹೋಗುವುದು ಹೇಗೆ? ಎಲ್ಲರೂ ಕೋಸಂಬರಿ ತಿನ್ನುತ್ತಾ ಕೊನೆಯವರೆಗೂ ಕೂತರು. ವೀಳ್ಯದೆಲೆ ಸೆರಗಿಗೆ ಹಾಕಿಸಿಕೊಂಡ ದೊಡ್ಡಮ್ಮ ಅತ್ತೆಯ ಕಡೆ ತಿರುಗಿ, "ಒಳ್ಳೆ ಹಟಮಾರಿನ ತಂದಿದ್ದೀಯ ಕಣೇ" ಅಂದರು. ಅತ್ತೆ ಇನ್ನೂ ನನ್ನ ಜೊತೆ ಮಾತಾಡಿಲ್ಲ. ನಾನೂ ವಾಲ್ಯೂಮ್ ಇಳಿಸಿಲ್ಲ.

ಹೋದ ವಾರ ಇದೇ ಹಾಡನ್ನು ನಿಮಗೆಲ್ಲ ಮೇಲ್ ಮಾಡಿದ್ದೆ. ಇಲ್ಲಿಯವರೆಗೆ ಪೂರ್ತಿ ಕೇಳಿದವರು ಈ ಐದು ಮುತ್ತೈದೆಯರು ಮಾತ್ರ.