ಕೆಳಗಿನ ಮನೆ ಆಂಟಿ ಮತ್ತು ಅವರ ಟೀಚರ್

ಮೊನ್ನೆ ಅಕ್ಕಿರೊಟ್ಟಿಗೆಂದು ಸಬ್ಬಸಿಗೆ ಸೊಪ್ಪು ಹೆಚ್ಚುತ್ತಿದ್ದೆ. ಆ ಘಮಕ್ಕೆ ನನ್ನ ಮೈಸೂರಿನ ಅಡುಗೆಮನೆ ನೆನಪಾಗಬೇಕಿತ್ತು. ನೆನಪಾದದ್ದು ಅಮೆರಿಕದ ಜರ್ಮನ್‌ಟೌನಿನ ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆ ಆಂಟಿ...

ಅವರು ಉಕ್ರೇನಿನವರು, ಎಪ್ಪತ್ತರ ಆಸುಪಾಸು. ಸೂಪಿಗೆ, ಆಲೂಗಡ್ಡೆಗೆ, ಸೌತೆಕಾಯಿಗೆ, ಎಲ್ಲಕ್ಕೂ ಸಬ್ಬಸಿಗೆ ಹಾಕೋರು. ಕೋವಿಡ್ ಕಾಲದಲ್ಲಿ ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದಾಗ ಆ ವಾಸನೆ ಬಾಲ್ಕನಿಗೆ ಏರಿ ಬರುತ್ತಿತ್ತು. ಒಂದು ದಿನ ತಡೆಯಲಾರದೆ ಕೆಳಗಿಳಿದು, "ಇದು ನಮ್ಮೂರ ಸೊಪ್ಪು ಆಂಟಿ" ಅಂದೆ. "ಅಲ್ಲ, ನಮ್ಮೂರದ್ದು" ಅಂತ ನಕ್ಕರು. ಅವರ ಇಂಗ್ಲಿಷ್ ತುಂಡು ತುಂಡು, ಅವರಾಡುವ ರಷ್ಯನ್ ನನಗೆ ಒಂದಕ್ಷರ ಬಾರದು. ಆದರೂ ನಮ್ಮ ಮಾತು ಮುಗಿಯುತ್ತಿರಲಿಲ್ಲ.

ಮರುವರ್ಷ ಅವರಿಗೊಂದು ಕೆಲಸ ಸಿಕ್ಕಿತು. ಅವರ ಊರ ಕಡೆಯವರು ಒಬ್ಬರ ಹಿಂದೊಬ್ಬರು ಇಲ್ಲಿಗೆ ಬಂದು ನೆಲೆಸಿದ್ದರು. ಹಾಗೆ ಬಾಯಿಂದ ಬಾಯಿಗೆ ಬಂದ ಕೆಲಸ. ಹೈವೇ ಆಚೆಯ ಮನೆಯೊಂದರಲ್ಲಿ ಹಾಸಿಗೆ ಹಿಡಿದ ಮುದುಕಿಯನ್ನು, ಅವರ ಮಗಳು ಆಫೀಸಿನಲ್ಲಿರುವಾಗ ನೋಡಿಕೊಳ್ಳುವುದು. ಆಂಟಿಗೆ ಡ್ರೈವಿಂಗ್ ಬಾರದು. ನನ್ನ ಮಗಳ ಸ್ಕೂಲೂ ಅದೇ ದಾರಿ, ಹಾಗಾಗಿ ನಾನೇ ಬಿಟ್ಟು, ಕರೆದುಕೊಂಡು ಬರುತ್ತಿದ್ದೆ.

ಮೊದಲ ದಿನ ಸಂಜೆ ಕಾರು ಹತ್ತಿದವರ ಮುಖದಲ್ಲಿ ರಕ್ತವೇ ಇರಲಿಲ್ಲ. ಮನೆ ಹತ್ತಿರ ಬಂದ ಮೇಲೆ, "ಆಕೆ ನನ್ನ ಟೀಚರ್" ಅಂದರು. ಪಾರ್ಕಿಂಗ್‌ನಲ್ಲೇ ಕೂತು ಮಿಕ್ಕದ್ದನ್ನು ಹೇಳಿದರು.

ಆಂಟಿಯ ಅಪ್ಪ ಅಮ್ಮ ಕ್ರೈಸ್ತ ಭಕ್ತರು. ಸೋವಿಯತ್ ಸರ್ಕಾರದ ಕಾಲ, ಹೀಗೆ ಮನೆಗಳಲ್ಲಿ ಗುಂಪು ಸೇರಿ ಪ್ರಾರ್ಥಿಸಿದರೆ ಜೈಲು. ಭಾನುವಾರ ಕಿಟಕಿ ಮುಚ್ಚಿ, ಹತ್ತಾರು ಜನ ಇವರ ಮನೆಯಲ್ಲಿ ಸೇರಿ ಪ್ರಾರ್ಥನೆ ಮಾಡೋರು. ಒಂದು ದಿನ ಟೀಚರ್ ಈ ಪುಟ್ಟ ಹುಡುಗಿಯನ್ನು ಪಕ್ಕ ಕೂರಿಸಿಕೊಂಡು, ಜಡೆ ಸವರುತ್ತಾ ಮೆತ್ತಗೆ ಕೇಳಿದರಂತೆ, ನಿನ್ನೆ ನಿಮ್ಮನೆಗೆ ಯಾರ್ಯಾರು ಬಂದಿದ್ರು ಪುಟ್ಟೀ ಅಂತ. ಸುಳ್ಳು ಹೇಳಬಾರದು ಅಂತ ಅಪ್ಪನೇ ಕಲಿಸಿದ್ದ. ಹುಡುಗಿ ಎಲ್ಲರ ಹೆಸರೂ ಹೇಳಿಬಿಟ್ಟಳು. ಆ ವಾರವೇ ಪೊಲೀಸರು ಅಪ್ಪನನ್ನು ಹಿಡಿದುಕೊಂಡು ಹೋದರು. ದೂರದ ಲೇಬರ್ ಕ್ಯಾಂಪಿನಿಂದ ಆತ ವಾಪಸು ಬಂದಾಗ ಎದೆ ಪೂರ್ತಿ ಹಾಳಾಗಿತ್ತು. ಹೆಚ್ಚು ಕಾಲ ಬದುಕಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. "ನಾಳೆಯಿಂದ ಹೋಗ್ಬೇಡಿ ಆಂಟಿ. ನಾನೇ ಕಾಲ್ ಮಾಡಿ ಹೇಳ್ತೀನಿ."

ಅವರು ಬೇಡವೆಂದು ತಲೆಯಾಡಿಸಿದರು. "ನಾಳೆ ಆಕೆಗೆ ಸ್ನಾನ ಮಾಡಿಸ್ಬೇಕು."

ಹೋಗುತ್ತಲೇ ಇದ್ದರು. ಮದುವೆಯಾಗಿ ಆಂಟಿಯ ಹೆಸರು ಬದಲಾಗಿತ್ತು. ಟೀಚರಿಗೆ ಗುರುತು ಸಿಕ್ಕಿರಲಿಲ್ಲ. ನೀವ್ಯಾರು ಅಂತ ಅವರಿಗೆ ಯಾಕೆ ಹೇಳ್ತಿಲ್ಲ ಅಂತ ಕೇಳಿದೆ. "ಆಕೆಯ ತಲೆ ಬಾಚುವಾಗ ಇನ್ನೂ ಕೈ ನಡುಗ್ತದೆ. ನಡುಗೋದು ನಿಲ್ಲಲಿ, ಆಮೇಲೆ ಹೇಳ್ತೀನಿ. ಬಾಯಲ್ಲಿ ಕ್ಷಮಿಸಿದೆ ಅಂದು, ಕೈ ಬೇರೆ ಹೇಳಿದ್ರೆ?" ಅಂದರು.

ಚಳಿಗಾಲ ಕಳೆಯಿತು. ಚೆರ್ರಿ ಹೂ ಬಿಡುವ ಹೊತ್ತಿಗೆ ಒಂದು ಸಂಜೆ ಆಂಟಿ ಕಾರಿಗೆ ಬಂದು ಕೂತು, ಬೆಲ್ಟ್ ಕೂಡ ಹಾಕಿಕೊಳ್ಳದೆ ಅತ್ತರು. ಅಂದು ಟೀಚರಿಗೆ ಎಲ್ಲ ಹೇಳಿದ್ದರಂತೆ: ತಾನು ಯಾರ ಮಗಳು, ಅಪ್ಪ ಏನಾದ, ಮತ್ತೆ, ನಿಮ್ಮ ಮೇಲೆ ನನಗೆ ದ್ವೇಷವಿಲ್ಲ ಅಂತ. ಟೀಚರ್ ಗೋಡೆ ಕಡೆ ಹೊರಳಿದರು. ಮಧ್ಯಾಹ್ನ ಊಟವನ್ನೂ ಮುಟ್ಟಲಿಲ್ಲ. ಆಮೇಲೆ ಗೋಡೆಗೆ ಹೇಳುವ ಹಾಗೆ ಕೇಳಿದರಂತೆ, "ಹೆಸರು ಹೇಳಿ ತಪ್ಪು ಮಾಡಿದ್ದು ನೀನೇ ಅಂತ ಇಷ್ಟು ವರ್ಷ ಅಂದ್ಕೊಂಡಿದ್ಯಾ?"

ಆಂಟಿ ಹೌದು ಅಂದರು. ತಪ್ಪು ತನ್ನದೇ ಅನ್ನಿಸುತ್ತಿದ್ದುದನ್ನು ಅವರು ಅಮ್ಮನಿಗೆ, ಗಂಡನಿಗೆ, ಯಾರಿಗೂ ಹೇಳಿರಲಿಲ್ಲ.

ಟೀಚರ್ ಈ ಕಡೆ ತಿರುಗಿದರು. "ಹೇಳಿದ್ದು ನೀನಲ್ಲ ಮಗೂ. ಹೇಳಿಸಿದ್ದು ನಾನು. ಏನಾಗ್ತದೆ ಅಂತ ನನಗೆ ಗೊತ್ತಿತ್ತು, ನಿನಗೆ ಗೊತ್ತಿರಲಿಲ್ಲ. ನನ್ನನ್ನ ಕ್ಷಮಿಸು."

"ನಾನು ಕ್ಷಮೆ ಕೊಡೋಕೆ ಹೋದೆ" ಅಂದರು ಆಂಟಿ ಮೂಗೊರೆಸಿಕೊಳ್ಳುತ್ತಾ, "ಆಕೆ ನನಗೇ ಕೊಟ್ಟು ಕಳಿಸಿದ್ರು..."

ಆಮೇಲಿನ ಒಂದೂವರೆ ವರ್ಷ ಆಂಟಿ ಇದ್ದಷ್ಟು ಹಗುರಾಗಿ ಅವರನ್ನು ಅದಕ್ಕೆ ಮೊದಲು ನಾನು ನೋಡಿದ್ದೇ ಇರಲಿಲ್ಲ. ಕರೆತರಲು ಹೋದಾಗ ಒಮ್ಮೊಮ್ಮೆ ನಾನೂ ಒಳಗೆ ಕೂರುತ್ತಿದ್ದೆ. ಇಬ್ಬರೂ ಸೂಪಿಗೆ ಉಪ್ಪು ಸಾಲದು, ಸಾಕು ಅಂತ ಜಗಳವಾಡೋರು. ಟೀಚರ್ ಮಲಗಿದಲ್ಲಿಂದಲೇ ಆಂಟಿಯ ವ್ಯಾಕರಣ ತಿದ್ದೋರು. ದೇವರನ್ನು ಅವರು ಕೊನೆಯವರೆಗೂ ನಂಬಲಿಲ್ಲ. ಪ್ರಾರ್ಥನೆ ಮಾಡ್ಲಾ ಅಂತ ಆಂಟಿ ಕೇಳಿದರೆ, "ಮಾಡು, ಗಟ್ಟಿಯಾಗಿ ಬೇಡ" ಅನ್ನೋರು. ಹಾಗಂದು, ಮುಗಿಯುವ ತನಕ ಆಂಟಿಯ ಕೈ ಹಿಡಿದುಕೊಂಡೇ ಇರೋರು.

ಟೀಚರ್ ಮೊದಲು ಹೋದರು. ಕಳೆದ ವರ್ಷ, ನಿದ್ದೆಯಲ್ಲೇ, ಆಂಟಿಯೂ ಹೋದರು.

ಆಂಟಿಯ ಅಂತ್ಯಕ್ರಿಯೆಯ ದಿನ ಚರ್ಚಿನಲ್ಲಿ ಟೀಚರ್ ಮಗಳು ಬಂದು ಹಿಂದಿನ ಸಾಲಿನಲ್ಲಿ, ನನ್ನ ಪಕ್ಕ ಕೂತಳು. ಎಲ್ಲರೂ ಹಾಡುತ್ತಿದ್ದರು, ಆ ಹಾಡು ನನ್ನಂತೆ ಅವಳಿಗೂ ಬರುತ್ತಿರಲಿಲ್ಲ. ಆಂಟಿಯ ಮಗ ಮುಂದಿನಿಂದ ಎದ್ದು ಬಂದು ಅವಳನ್ನು ಕರೆದ. ನಾನು ಮನೆಯವಳಲ್ಲ ಅಂತ ಅವಳು ಹಿಂಜರಿದಳು. "ಅಮ್ಮ ಇದ್ದಿದ್ರೆ ನಿನ್ನನ್ನ ಹಿಂದೆ ಕೂರೋಕೆ ಬಿಡ್ತಿದ್ರಾ?" ಅಂದ. ಅವಳು ಎದ್ದು ಹೋಗಿ ಮನೆಯವರ ಸಾಲಿನಲ್ಲಿ ಕೂತಳು. ನನ್ನನ್ನೂ ಕರೆದುಕೊಂಡು ಹೋದಳು.

ಕೆಳಗಿನ ಮನೆಗೆ ಈಗ ಬೇರೆ ಸಂಸಾರ ಬಂದಿದೆ. ಒಳ್ಳೆಯ ಜನ, ಸಿಕ್ಕಾಗ ಮಾತಾಡಿಸುತ್ತಾರೆ. ಆದರೆ ಮಗಳನ್ನು ಸ್ಕೂಲಿಗೆ ಬಿಡಲು ಹೋಗುವಾಗ, ಆಂಟಿ ಕೂರುತ್ತಿದ್ದ ಪಕ್ಕದ ಸೀಟು ಖಾಲಿ. ನನ್ನ ಬ್ಯಾಗನ್ನು ಇನ್ನೂ ಅಲ್ಲಿ ಇಡಲು ಮನಸ್ಸು ಬಂದಿಲ್ಲ.